ಮೋರಿಯ ಮೇಲಿನ ಸುಣ್ಣದ ಚುಕ್ಕೆ

ಲಿಂಗಣ್ಣನ ಮನೆಗೆ ಕಳ್ಳ ಬಂದರೆ ಬೀಗ ಒಡೆಯುವ ಕಷ್ಟವಿಲ್ಲ, ಲಿಂಗಣ್ಣ ಜಗ್ಗಿ ಜಗ್ಗಿ ಅದು ತಾನಾಗಿಯೇ ಸವೆದಿರುತ್ತದೆ ಎಂದು ಬೋರೆಕೊಪ್ಪಲು ಗೇಟಿನ ಜನ ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಕೆ.ಆರ್. ನಗರದ ಬಸ್ಸಿಗೆ ಹೊರಟರೆ ಬೀಗ ಹಾಕಿ ಮೂರು ಸಲ ಜಗ್ಗುವನು. ರೈಲ್ವೆ ಗೇಟಿನ ತನಕ ನಡೆದು, ಏನೋ ಮರೆತವನಂತೆ ನಿಂತು, ಹಿಂದಕ್ಕೆ ಬಂದು ಇನ್ನೊಂದು ಸಲ ಜಗ್ಗುವನು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಮದುವೆ ಊಟಕ್ಕೆ ಕೂರುವ ಮೊದಲು ಟೇಬಲ್ಲಿನ ಕಾಲು ಅಲ್ಲಾಡಿಸಿ ನೋಡುವನು. ತನ್ನ ಮದುವೆಯಲ್ಲೇ ತಾಳಿಗೆ ಮೂರು ಗಂಟು ಹಾಕಿದ ಮೇಲೆ ಮೊದಲನೆಯ ಗಂಟನ್ನು ಮತ್ತೆ ಹಿಡಿದು ನೋಡಿದನಂತೆ. "ಸಾಕು ಬುಡಪ್ಪ, ಎಲ್ಲೂ ಓಡೋಗಾಕಿಲ್ಲ ನಾನು ಅಂತ ನಾನೇ ಏಳ್ಬೇಕಾಯ್ತು" ಎಂದು ಹೆಂಡತಿ ಚಿಕ್ಕಸಿದ್ದಮ್ಮ ಇವತ್ತಿಗೂ ಹೇಳುತ್ತಾಳೆ.

ಎಲ್ಲಕ್ಕಿಂತ ಹೆಚ್ಚು ದೂರ ಹೋದದ್ದು ಕರಿಯಯ್ಯನ ಸಾವಿನ ಸುದ್ದಿ. ಊರಿನ ಹಿರಿಯ ಕರಿಯಯ್ಯ ತೀರಿಕೊಂಡಾಗ, ಇನ್ನೇನು ಚಟ್ಟ ಎತ್ತಬೇಕು ಎನ್ನುವಾಗ ಲಿಂಗಣ್ಣ ಅಡ್ಡ ಬಂದು ನಾಲ್ಕು ಮೂಲೆಯ ಹುರಿಯನ್ನೂ ಜಗ್ಗಿ ನೋಡಿದ.

"ಏನ್ಲಾ ಲಿಂಗ, ಮ್ಯಾಲೆ ಮಲ್ಗಿರೋನು ಬಿದ್ದು ಕಾಲ್ ಮುರ್ಕಂಡಾನು ಅಂತವಾ?" ಎಂದ ಹೆಗಲು ಕೊಡಲು ನಿಂತವನೊಬ್ಬ.

"ಅವ್ನ್ ಬಿದ್ರೆ ಏನೂ ಆಗಾಕಿಲ್ಲ ಕಣ್ಲಾ. ನಿನ್ ಕಾಲ್ ಮ್ಯಾಲೆ ಬಿದ್ರೆ?"

ಅಳುತ್ತಿದ್ದವರೂ ಸೆರಗು ಅಡ್ಡ ಹಿಡಿದು ನಕ್ಕರು. ಊರೂರಿಗೆ ಕಥೆಯಾಯಿತು. ಹಿಂದಿನ ಎಡಮೂಲೆಯ ಗಂಟು ನಿಜವಾಗಿಯೂ ಸಡಿಲವಿತ್ತು ಎನ್ನುವುದನ್ನು ಮಾತ್ರ ಯಾರೂ ಸೇರಿಸಿ ಹೇಳಲಿಲ್ಲ. ಅದನ್ನು ಸೇರಿಸಿದರೆ ನಗು ಬರುವುದಿಲ್ಲವಲ್ಲ.

ಲಿಂಗಣ್ಣ ರೈಲ್ವೆಯಲ್ಲಿ ಕೀಮ್ಯಾನ್. ಕಂಬಿಯನ್ನು ಅದರ ಕೆಳಗಿನ ಅಡ್ಡತೊಲೆಗೆ, ಅಂದರೆ ಸ್ಲೀಪರಿಗೆ, ಬಿಗಿಹಿಡಿಯಲು ಬಾಗಿದ ಕಬ್ಬಿಣದ ಕ್ಲಿಪ್ಪುಗಳಿರುತ್ತವೆ. ರೈಲು ಹಾಯ್ದ ಹಾಗೆಲ್ಲ ಅವು ಕೂದಲೆಳೆಯಷ್ಟು ಹೊರಗೆ ಸರಿಯುತ್ತವೆ. ದಿನಾ ಬೆಳಿಗ್ಗೆ ಸುತ್ತಿಗೆ, ಕೆಂಪು ಬಾವುಟ, ಹಸಿರು ಬಾವುಟ ಹಿಡಿದು ಗೇಟಿನಿಂದ ಹೊರಟು, ಹೋಗುವಾಗ ಒಂದು ಕಂಬಿ, ಬರುವಾಗ ಇನ್ನೊಂದು ಕಂಬಿ ನೋಡಿಕೊಂಡು, ಸರಿದದ್ದನ್ನು ಬಡಿದು ಕೂರಿಸುವುದು ಆತನ ಕೆಲಸ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದ.

ಆತನ ಪಾಲಿನ ದಾರಿಯಲ್ಲಿ ನಾಲೆಯ ಮೇಲೊಂದು ಸಣ್ಣ ಮೋರಿ. ನಾಲೆಗೆ ನೀರು ಬಿಟ್ಟಾಗಲೆಲ್ಲ ಅದರ ಪೂರ್ವದ ಬದು ನೆನೆದು ಮೆತ್ತಗಾಗುವುದು. ಅಲ್ಲಿನ ಏಳೆಂಟು ಸ್ಲೀಪರುಗಳ ಕ್ಲಿಪ್ಪು ಬೆಳಿಗ್ಗೆ ಬಡಿದರೆ ಮಾರನೆಯ ಬೆಳಿಗ್ಗೆಗೆ ಮತ್ತೆ ಸಡಿಲ. ಲಿಂಗಣ್ಣ ಎಲೆಅಡಿಕೆ ಹಾಕುವವನು, ಸೊಂಟದಲ್ಲಿ ಸುಣ್ಣದ ಡಬ್ಬಿ ಇದ್ದೇ ಇರುತ್ತಿತ್ತು. ಬಡಿದು ಮುಗಿಸಿದ ಮೇಲೆ ತೋರುಬೆರಳಲ್ಲಿ ಸುಣ್ಣ ತೆಗೆದು, ಅರ್ಧ ಕ್ಲಿಪ್ಪಿನ ಮೇಲೆ ಅರ್ಧ ಸ್ಲೀಪರಿನ ಮೇಲೆ ಕೂರುವಂತೆ ಒಂದೊಂದು ಚುಕ್ಕೆ ಇಡುತ್ತಿದ್ದ. ಮಾರನೆಯ ದಿನ ಚುಕ್ಕೆ ಒಡೆದು ಎರಡು ಹೋಳಾಗಿದ್ದರೆ ಕ್ಲಿಪ್ಪು ಸರಿದಿದೆ ಎಂದು ಅರ್ಥ. ನೋಡಿದವರು ಲಿಂಗಣ್ಣ ಮೋರಿಗೆ ದೃಷ್ಟಿಬೊಟ್ಟು ಇಡುತ್ತಾನೆ ಎಂದರು. ಬದು ಕಟ್ಟಿಸಿ ಎಂದು ಆತ ಹನ್ನೊಂದು ವರ್ಷ ಮೇಲಿನವರಿಗೆ ಹೇಳಿದ. ಹನ್ನೊಂದು ವರ್ಷದಲ್ಲಿ ಮೋರಿಗೆ ಎರಡು ಸಲ ಬಣ್ಣ ಹೊಡೆಸಿದರು.

ಆತನಿಗಿದ್ದ ಚಿಂತೆ ಒಂದೇ. ಸೆಪ್ಟೆಂಬರಿಗೆ ನಿವೃತ್ತಿ. ಆಮೇಲೆ ಆ ಕ್ಲಿಪ್ಪು ಬಡಿಯುವವರು ಯಾರು?

ನಿವೃತ್ತಿಗೆ ಇನ್ನು ಒಂಬತ್ತು ತಿಂಗಳಿದೆ ಎನ್ನುವಾಗ ಸಂಶೋಧನೆ ಬಂತು.

ಕೆ.ಆರ್. ನಗರದ ಒಂದು ಕಲ್ಯಾಣ ಮಂಟಪದಲ್ಲಿ ಸಭೆ. ಉಪ್ಪಿಟ್ಟು, ಕೇಸರಿಬಾತು, ಹಿಂದೆ ದೊಡ್ಡ ಬ್ಯಾನರು. ಹುಣಸೂರಿನ ನರ್ಸಿಂಗ್ ಹೋಮೊಂದರ ಸರ್ಜನ್ ಡಾಕ್ಟರ್ ಸುನೀಲ್ಕುಮಾರ್ ಸಂಶೋಧನೆಯ ಮುಖ್ಯಸ್ಥರು. ಸಾಫ್ಟ್‌ವೇರಿನ ಕಡೆಯಿಂದ ರಮ್ಯಾ ಎನ್ನುವ ಹುಡುಗಿ. ರೈಲ್ವೆಯ ಕಡೆಯಿಂದ ಒಬ್ಬ ನಿವೃತ್ತ ಇಂಜಿನಿಯರು ಇದ್ದರು. ಅವರು ಆ ದಿನ ತಿಂಡಿ ಮುಗಿಸಿ ಹೋದವರು ಮತ್ತೆ ಯಾರಿಗೂ ಕಾಣಿಸಲಿಲ್ಲ. ಹೀಗಾಗಿ ರೈಲಿನ ವಿಷಯವನ್ನು ಉಳಿದಿಬ್ಬರೇ ನೋಡಿಕೊಂಡರು.

ಡಾಕ್ಟರು ಮೈಕಿನ ಮುಂದೆ ನಿಂತು ಹೇಳಿದರು: "ಹೊಟ್ಟೆ ಕೊಯ್ಯೋ ಕೈ ನಡುಗಿದ್ರೆ ರೋಗಿ ಹೋದ. ಸಾಫ್ಟ್‌ವೇರಲ್ಲಿ ಒಂದು ಸಾಲು ತಪ್ಪಿದ್ರೆ ಬ್ಯಾಂಕು ನಿಂತುಹೋಯ್ತು. ಕಂಬೀಲಿ ಒಂದು ಕ್ಲಿಪ್ಪು ಹೋದ್ರೆ ರೈಲೇ ಹೋಯ್ತು. ಮೂರಕ್ಕೂ ಬೇಕಾದ್ದು ಒಂದೇ. ಏನದು? ಸ್ಥಿರತೆ!"

ಸ್ಥಿರತೆ ಎನ್ನುವಾಗಲೇ ಮೈಕು ಕೊಂಯ್ ಎಂದು ಸತ್ತುಹೋಯಿತು. ಎಲ್ಲರೂ ಅತ್ತಿತ್ತ ನೋಡುತ್ತಿದ್ದಾಗ ಲಿಂಗಣ್ಣ ಎದ್ದು ಹೋಗಿ ವೈರಿನ ಬುಡವನ್ನು ಅಲ್ಲಾಡಿಸಿ ಒತ್ತಿದ. ಮೈಕು ಬಂತು. ಆತ ಹೋಗಿ ಕುಳಿತ. ಇದನ್ನು ಸಂಶೋಧನೆಯಲ್ಲಿ ಯಾರೂ ಬರೆದುಕೊಳ್ಳಲಿಲ್ಲ.

ಪ್ರತಿ ಕೀಮ್ಯಾನಿಗೂ ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಬೆಲ್ಟು ಕೊಟ್ಟರು. ಅದರಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ. ಕೀಮ್ಯಾನ್ ಎಲ್ಲಿ ನಡೆಯುತ್ತಾನೆ ಎನ್ನುವುದು ರಮ್ಯಾಳ ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತಿತ್ತು. ಒಂದೇ ಸಮ ನಡೆದರೆ ಹಸಿರು. ನಿಂತರೆ ಹಳದಿ. ಹಿಂದಕ್ಕೆ ಹೋದರೆ ಕೆಂಪು. ಇದೇ ಲೆಕ್ಕವನ್ನು ಡಾಕ್ಟರ ಆಪರೇಷನ್ ಕೋಣೆಗೂ ಹಚ್ಚಿದ್ದರು. ಅಲ್ಲಿ ನರ್ಸುಗಳಿಗೆ ಟ್ಯಾಬು. ಒಂದೊಂದು ಕೆಲಸಕ್ಕೂ ಒಂದೊಂದು ಸಲ ಒತ್ತಬೇಕು, ಎರಡು ಸಲ ಮಾಡಿದರೆ ಕೆಂಪು.

ಆರು ತಿಂಗಳು ಕಳೆದ ಮೇಲೆ ಲಿಂಗಣ್ಣನಿಗೆ ಕರೆ ಬಂತು. ರಮ್ಯಾ ಕಂಪ್ಯೂಟರನ್ನು ತಿರುಗಿಸಿ ತೋರಿಸಿದಳು. ಲಿಂಗಣ್ಣನ ದಾರಿ ಗಾಯವಾದ ಹಾಗೆ ಕೆಂಪಗಿತ್ತು.

"ನೋಡಿ, ಈ ಜಾಗದಲ್ಲಿ ದಿನಾ ಇಪ್ಪತ್ತು ನಿಮಿಷ ನಿಂತಿದ್ದೀರ. ಅರ್ಧ ಕಿಲೋಮೀಟರು ಮುಂದೆ ಹೋಗಿ ಮತ್ತೆ ವಾಪಸ್ ಬಂದಿದ್ದೀರ. ಯಾಕೆ?"

"ಮೋರಿ ಅಲ್ವರಾ ಮೇಡಂ ಅದು. ಬಡ್ದಿದ್ದು ಕುಂತದೋ ಇಲ್ವೋ ಅಂತ ಇನ್ನೊಂದು ಕಿತ ನೋಡ್ಬೇಕು. ಅಲ್ಲಿ ಕ್ಲಿಪ್ಪು ಸಡ್ಲ ಆಯ್ತದೆ."

"ಕ್ಲಿಪ್ಪು ಸಡಿಲ ಆಗೋದು ನಮ್ಮ ಡೇಟಾದಲ್ಲಿ ಇಲ್ವಲ್ಲ."

"ಡಾಟಾದಲ್ಲಿ ಇಲ್ದೆ ಇರ್ಬೋದು. ಮೋರೀಲಿ ಐತೆ."

ರಮ್ಯಾ ಪಕ್ಕದ ಗೆರೆ ತೋರಿಸಿದಳು. ಗೇಟಿನಿಂದ ಆಚೆ ದಿಕ್ಕಿನ ದಾರಿ ಇನ್ನೊಬ್ಬ ಕೀಮ್ಯಾನ್ ಕನಕರಾಜುವಿನದು. ಎಳೆ ಬಾಳೆಲೆಯ ಹಾಗೆ ಹಸಿರು. ಬೆಳಿಗ್ಗೆ ಒಂದೇ ನಡಿಗೆಯಲ್ಲಿ ಹೋಗಿದ್ದಾನೆ, ಕೆರೆಯ ಹತ್ತಿರ ಊಟಕ್ಕೆ ನಿಂತಿದ್ದಾನೆ, ಒಂದೇ ನಡಿಗೆಯಲ್ಲಿ ಬಂದಿದ್ದಾನೆ. ಆರು ತಿಂಗಳಲ್ಲಿ ಒಂದು ಸಲವೂ ಹಿಂದಕ್ಕೆ ತಿರುಗಿಲ್ಲ. ಗೆರೆ ಕಂಬಿಯಿಂದ ಇಪ್ಪತ್ತು ಅಡಿ ಪಕ್ಕಕ್ಕಿತ್ತು. ಅಷ್ಟು ಹೆಚ್ಚುಕಮ್ಮಿ ಯಂತ್ರದಲ್ಲಿ ಮಾಮೂಲು ಎಂದಳು.

"ಕೀಮ್ಯಾನ್ ನಂಬರ್ ಏಳು. ಸ್ಥಿರತೆ ತೊಂಬತ್ತೊಂಬತ್ತೂವರೆ. ಮೂರು ಕ್ಷೇತ್ರದಲ್ಲೂ ಇವರಷ್ಟು ಯಾರೂ ಬಂದಿಲ್ಲ" ಎಂದರು ಡಾಕ್ಟರು, ತಮಗೇ ಬಂದ ಅಂಕದ ಹಾಗೆ. "ನಿಮ್ಮ ನಿವೃತ್ತಿ ಆದ್ಮೇಲೆ ನಿಮ್ಮ ದಾರೀನೂ ಅವರಿಗೇ ಕೊಡಬಹುದು ಅಂತ ಬರೀತಿದ್ದೀವಿ."

ಲಿಂಗಣ್ಣ ಗೆರೆಯ ಹತ್ತಿರಕ್ಕೆ ಬಗ್ಗಿ ನೋಡಿದ. ಕನಕರಾಜು ಅಷ್ಟು ದೂರ ನಡೆದದ್ದನ್ನು ಆತ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗೇಟಿನ ಹೋಟೆಲಿನ ಬೆಂಚಿನ ಮೇಲೆ ಕನಕರಾಜುವಿನ ಬೆನ್ನಿನ ಅಚ್ಚು ಬಿದ್ದಿತ್ತು. ಆದರೂ ಹಸಿರು ಗೆರೆ ಕಣ್ಣ ಮುಂದೆಯೇ ಇತ್ತು.

ಹೊರಡಲು ಎದ್ದಾಗ ಲಿಂಗಣ್ಣ ಕಿಬ್ಬೊಟ್ಟೆ ಹಿಡಿದುಕೊಂಡದ್ದನ್ನು ಡಾಕ್ಟರು ನೋಡಿದರು. ಬಾಗಿ ಬಡಿದು ಬಡಿದು ಹರ್ನಿಯಾ ಆಗಿತ್ತು. ಅವರೇ ದಿನ ಗೊತ್ತು ಮಾಡಿದರು. ಜುಲೈ ತಿಂಗಳಲ್ಲಿ ಲಿಂಗಣ್ಣ ಹುಣಸೂರಿನಲ್ಲಿ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ. ಮಲಗುವ ಮೊದಲು ಟೇಬಲ್ಲಿನ ಕಾಲು ಅಲ್ಲಾಡಿಸಿದ ಎಂದು ಬೇರೆ ಹೇಳಬೇಕಾಗಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಸೊಂಟದ ಕೆಳಗೆ ಮರಗಟ್ಟಿತ್ತು, ಕಿವಿ ಮಾತ್ರ ಚುರುಕಾಗಿತ್ತು. ಅಜ್ಮತುನ್ನೀಸಾ ಎನ್ನುವ ಹಿರಿಯ ಸಿಸ್ಟರು ರಕ್ತ ಒರೆಸಿದ ಬಟ್ಟೆ ತುಂಡುಗಳನ್ನು ಎಣಿಸುತ್ತಿದ್ದರು. ಒಂದು ಸಲ ಎಣಿಸಿದರು. ಮತ್ತೆ ಮೊದಲಿಂದ ಎಣಿಸಿದರು. ಟ್ಯಾಬು ಕುಂಯ್ ಎಂದಿತು.

"ಸಿಸ್ಟರ್, ಮತ್ತೆ ಕೆಂಪು ಮಾಡಿದ್ರಾ? ಹೊಲಿಗೆ ಹಾಕೋಣ, ಎಲ್ಲ ಸರಿ ಇದೆ" ಎಂದರು ಡಾಕ್ಟರು.

"ಒಂದು ಪೀಸು ಕಮ್ಮಿ ಬತ್ತಾ ಐತೆ ಸಾರ್."

"ಟ್ಯಾಬಲ್ಲಿ ಪೂರ್ತಿ ತೋರಿಸ್ತಿದೆ."

"ಟ್ಯಾಬಲ್ಲಿ ನಾನೇ ಒತ್ತಿದ್ದು ಸಾರ್. ಬಟ್ಟೆ ಇಲ್ಲಿಲ್ಲ."

ಪರದೆಯ ಆಚೆಯಿಂದ ಲಿಂಗಣ್ಣನ ದನಿ ಎದ್ದಿತು: "ಸಿಸ್ಟರವ್ವ, ಇನ್ನೊಂದು ಕಿತ ಎಣ್ಸಿ. ನನಗೇನೂ ಅವಸರ ಇಲ್ಲ."

ಹುಡುಕಿದರು. ಬಟ್ಟೆ ಲಿಂಗಣ್ಣನ ಹೊಟ್ಟೆಯಲ್ಲಿರಲಿಲ್ಲ, ದೇವರು ದೊಡ್ಡವನು. ಅದು ಸ್ಥಿರತೆಯ ಸಂಶೋಧಕರ ಎಡಗಾಲಿನ ಚಪ್ಪಲಿಗೆ ಅಂಟಿಕೊಂಡಿತ್ತು.

ವಾರ್ಡಿಗೆ ಬಂದ ಮೇಲೆ ಲಿಂಗಣ್ಣ ಕೇಳಿದ, "ನಿಮ್ದೂ ಕೆಂಪಾ ಸಿಸ್ಟರವ್ವ?"

"ಇಪ್ಪತ್ತಾರು ವರ್ಸ ಆಯ್ತು ಎಣಿಸ್ತಾ ಇದೀನಿ ಲಿಂಗಣ್ಣೋರೆ. ಈಗ ಹೇಳ್ತಾರೆ ನನ್ ಕೈ ಸ್ಥಿರ ಇಲ್ವಂತೆ" ಎಂದು ಅಜ್ಮತುನ್ನೀಸಾ ನಕ್ಕರು. "ನೀವು ಆರು ವಾರ ಭಾರ ಎತ್ತಂಗಿಲ್ಲ. ಸುತ್ತಿಗೆ ಮುಟ್ಟಂಗಿಲ್ಲ. ಹೊಲಿಗೆ ಬಿಚ್ಚಿದ್ರೆ ನಾನು ಜವಾಬ್ದಾರಿ ಅಲ್ಲ."

ಲಿಂಗಣ್ಣ ರಜೆಯಲ್ಲಿದ್ದಷ್ಟು ದಿನ ಆತನ ದಾರಿ ಕನಕರಾಜುವಿನ ಪಾಲಿಗೆ ಹೋಯಿತು. ಕಂಪ್ಯೂಟರಿನಲ್ಲಿ ಮೊದಲ ಸಲ ಆ ದಾರಿ ಹಸಿರಾಯಿತು. ಹಸಿರಿರುವ ಕಡೆ ಬೇರೆಯವರು ಹೋಗಿ ನೋಡಬೇಕಾಗಿಲ್ಲ ಎನ್ನುವುದು ಸಂಶೋಧನೆಯ ಮೊದಲ ಫಲ. ಯಾರೂ ಹೋಗಲಿಲ್ಲ.

ಹದಿನೆಂಟನೆಯ ದಿನ ಬೆಳಿಗ್ಗೆ ಕುರಿ ಮೇಯಿಸುವ ಚಿಕ್ಕಬೀರಯ್ಯ ಎರಡು ಎಳನೀರು ಹಿಡಿದು ನೋಡಲು ಬಂದ. ಜಗಲಿಯ ಮೇಲೆ ಕೂತು ಮಳೆ, ಬೆಳೆ, ಕುರಿಯ ಕಾಲುಬೇನೆ ಎಲ್ಲ ಮಾತಾಡಿದ.

"ನಮ್ ಟಗರಿಗೆ ಮಾತ್ರ ಏನೂ ಆಗಿಲ್ಲ ಕಣಣ್ಣ. ಸರ್ಕಾರದೋರ ಬೆಲ್ಟು ಕಟ್ಟೈತಲ್ಲ!"

"ಯಾವ ಬೆಲ್ಟ್ಲಾ?"

"ಅದೇ ಕಣಣ್ಣ, ಬೆಂಕಿಪೊಟ್ಣದಂಗೆ ಒಂದ್ ಮಿಸಿನ್ನು. ಕುರಿಗೆ ರೋಗ ಬರ್ದಂಗೆ ನೋಡ್ಕತ್ತದೆ ಅಂತ ಕನಕರಾಜಪ್ಪನೇ ಕತ್ತಿಗೆ ಕಟ್ದ. ಪುಣ್ಯಾತ್ಮ. ದಿನಾ ಬೆಳಿಗ್ಗೆ ಕಟ್ಟಾದು, ಸಂಜೆ ಬಿಚ್ಚಿ ಇಸ್ಕೊಳಾದು. ಮೊದ್ಲು ಕೆರೆ ಕಡೆ ಮೇಯ್ಸು ಅಂದಿದ್ದ. ಈಗ ನೀನು ಮಲ್ಗಿದಾಗಿಂದ ನಿನ್ ಕಡೆ ನಾಲೆ ಬದೀಲಿ ಉಲ್ಲು ಚೆಂದಾಗದೆ, ಅಲ್ಲಿಗೆ ಒಡ್ಕೊಂಡೋಗು ಅಂದ."

ಲಿಂಗಣ್ಣ ಎಳನೀರನ್ನು ಕೆಳಗಿಟ್ಟ. "ನಾಲೆಗೆ ನೀರು ಬುಟ್ಟವ್ರಾ?"

"ಬುಟ್ಟು ವಾರ ಆಯ್ತು. ಬದು ಎಲ್ಲಾ ಬೆಣ್ಣೆ ಆಗದೆ. ಟಗರಿನ ಕಾಲೇ ಊತ್ಕಂತಿತ್ತು."

ಸ್ಥಿರತೆ ತೊಂಬತ್ತೊಂಬತ್ತೂವರೆ ಯಾರದೆಂದು ಲಿಂಗಣ್ಣನಿಗೆ ಆಗ ಗೊತ್ತಾಯಿತು. ಹದಿನೆಂಟು ದಿನದಿಂದ ಮೋರಿಯನ್ನು ನೋಡಿಕೊಂಡದ್ದು ಒಂದು ಟಗರು. ಆತ ಎದ್ದು ಮೂಲೆಯ ಸುತ್ತಿಗೆ, ಕೆಂಪು ಬಾವುಟ ತೆಗೆದುಕೊಂಡ.

"ಹೊಟ್ಟೆ ಕುಯ್ಸ್ಕೊಂಡೋನು ಎಲ್ಲಿಗಯ್ಯ ಹೊಂಟೆ? ಸಿಸ್ಟರು ಏನಂದವ್ರೆ?" ಚಿಕ್ಕಸಿದ್ದಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಹನ್ನೊಂದೂವರೆ ಗಾಡಿ ಬತ್ತದೆ ಕಣಮ್ಮಿ. ಜರುಗು."

ಮೋರಿಯ ಮೇಲೆ ಸುಣ್ಣದ ಚುಕ್ಕೆ ಹಾಗಿರಲಿ, ಕ್ಲಿಪ್ಪುಗಳೇ ನೆಟ್ಟಗಿರಲಿಲ್ಲ. ಐದು ಎದ್ದು ಜಲ್ಲಿಯಲ್ಲಿ ಬಿದ್ದಿದ್ದವು, ಉಳಿದವು ಕೈಯಲ್ಲೇ ಕಿತ್ತುಬರುತ್ತಿದ್ದವು. ಸ್ಲೀಪರಿನ ಕೆಳಗೆ ಮಣ್ಣು ಕುಸಿದಿತ್ತು. ಲಿಂಗಣ್ಣ ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಇನ್ನೊಂದರಲ್ಲಿ ಕೆಂಪು ಬಾವುಟ ಹಿಡಿದು ರೈಲು ಬರುವ ದಿಕ್ಕಿಗೆ ಓಡಿದ. ಗಾಡಿ ನಿಂತಿತು. ರಿಪೇರಿಯ ಗ್ಯಾಂಗು ಬಂದು ಮುಗಿಸುವ ತನಕ ಎರಡು ಗಂಟೆ ನಿಂತೇ ಇತ್ತು. ಕಿಟಕಿಯಿಂದ ಒಬ್ಬರು, "ಏನಯ್ಯಾ, ಕೋರ್ಟಿಗೆ ಲೇಟಾಯ್ತು, ನಿನ್ನ ತಲೆ ಸರಿ ಇದೆಯಾ?" ಎಂದು ಬೈದರು. ಅವರು ಕೂತಿದ್ದ ಬೋಗಿ ನೀರಿಗೆ ಬೀಳದೆ ಉಳಿದದ್ದು ಅವರ ಡೇಟಾದಲ್ಲೂ ಇರಲಿಲ್ಲ.

ಹೊಲಿಗೆ ಬಿಚ್ಚಿತ್ತು, ಮತ್ತೆ ಹುಣಸೂರಿಗೆ ಕರೆದೊಯ್ದರು. ಅಜ್ಮತುನ್ನೀಸಾ ಬೈದುಕೊಂಡೇ ಮತ್ತೆ ಎಣಿಸಿದರು, ಎರಡು ಸಲ.

ನೋಡಲು ಬಂದ ರಮ್ಯಾಳಿಗೆ ಲಿಂಗಣ್ಣ ಟಗರಿನ ವಿಷಯ ಹೇಳಿದ. ಅವಳು ಮೊದಲು ನಕ್ಕಳು. ಆಮೇಲೆ ಅಲ್ಲೇ ಕಂಪ್ಯೂಟರು ತೆರೆದು ಗೆರೆಯನ್ನು ದೊಡ್ಡದು ಮಾಡಿ ನೋಡಿದಳು. ಮುಖ ಸಣ್ಣಗಾಯಿತು. ಡಾಕ್ಟರ ಹತ್ತಿರ ಓಡಿ ಹೋಗಿ ಹೇಳಿದಳಂತೆ. ವರದಿ ಅಚ್ಚಾಗಿದೆ, ಮೈಸೂರಿನಲ್ಲಿ ಸಭಾಂಗಣ ಗೊತ್ತಾಗಿದೆ, ಹಾರ ಶಾಲು ಬಂದಿದೆ ಎಂದರಂತೆ ಡಾಕ್ಟರು. "ಟಗರೇ ಆಗಿರಲಿ ರಮ್ಯಾ, ಸ್ಥಿರವಾಗಿತ್ತು ತಾನೆ? ನಾವು ಅಳೆದದ್ದು ಅದನ್ನೇ ತಾನೆ?" ಅಳೆದದ್ದು ಅದನ್ನೇ.

ಕನಕರಾಜುವಿಗೆ ಮೈಸೂರಿನಲ್ಲಿ ಶಾಲು ಹೊದಿಸಿದರು. ಲಿಂಗಣ್ಣನ ವಿಷಯಕ್ಕೆ ವರದಿಯಲ್ಲಿ ಒಂದು ಸಾಲಿತ್ತು: ರಜೆಯ ಮೇಲಿದ್ದ ನೌಕರರೊಬ್ಬರು ಯಂತ್ರ ಧರಿಸದೆ ಹಳಿಯ ಮೇಲೆ ತಿರುಗಾಡಿ ಸಂಚಾರದ ಸ್ಥಿರತೆಗೆ ಭಂಗ ತಂದರು.

ಟಗರು ಬಹಳ ದಿನ ಉಳಿಯಲಿಲ್ಲ. ಚಿಕ್ಕಬೀರಯ್ಯ ಅದನ್ನು ಪಿರಿಯಾಪಟ್ಟಣದ ಕಡೆಯವರಿಗೆ ಮಾರಿದ. ಕೀಮ್ಯಾನ್ ನಂಬರ್ ಏಳು ಯಾರದೋ ಬೀಗರೂಟದಲ್ಲಿ ಮುದ್ದೆಯ ಜೊತೆಗೆ ಮುಗಿದುಹೋಯಿತು. ಬೆಲ್ಟನ್ನು ಕನಕರಾಜು ಹೋಟೆಲಿನ ಗೋಡೆಯ ಮೊಳೆಗೆ ನೇತುಹಾಕಿದ. ಒಂದು ವಾರ ಅದು ಅಲ್ಲಾಡದೆ ಅಲ್ಲೇ ಇತ್ತು. ಒಂದು ಹೆಜ್ಜೆಯೂ ಹಿಂದಕ್ಕೆ ಹೋಗಿಲ್ಲವೆಂದು ಆ ವಾರ ಕಂಪ್ಯೂಟರು ಸ್ಥಿರತೆ ನೂರಕ್ಕೆ ನೂರು ತೋರಿಸಿತು.

ಸೆಪ್ಟೆಂಬರ್ ಮೂವತ್ತು. ಲಿಂಗಣ್ಣನ ಹೊಲಿಗೆ ಮಾಗಿತ್ತು, ಕೆಲಸದ ಕೊನೆಯ ದಿನ. ರೈಲ್ವೆಯ ಮನೆ ಖಾಲಿ ಮಾಡಬೇಕು. ಪಾತ್ರೆ, ಮಂಚ, ತುಳಸಿಯ ಕುಂಡ ಟೆಂಪೋ ಏರಿದ್ದವು. ಲಿಂಗಣ್ಣ ಹಗ್ಗದ ಗಂಟುಗಳನ್ನು ನಾಲ್ಕನೆಯ ಸಲ ನೋಡುತ್ತಿದ್ದಾಗ ಕನಕರಾಜು ಬಂದು ನಿಂತ. ಒಂದು ಕೈಯಲ್ಲಿ ಹೊಸ ಸುತ್ತಿಗೆ. ಇನ್ನೊಂದರಲ್ಲಿ ಈಗಷ್ಟೇ ಅಂಗಡಿಯಿಂದ ತಂದ ಸುಣ್ಣದ ಡಬ್ಬಿ, ಇನ್ನೂ ಮುಚ್ಚಳ ತೆಗೆದಿರಲಿಲ್ಲ.

"ಲಿಂಗಣ್ಣೋ... ಆ ಸುಣ್ಣ ಎಲ್ಲಿಗಿಕ್ಕಾದು ಅಂತ ತೋರ್ಸ್ಬುಡಣ್ಣ."

"ಯಾಕ್ಲಾ, ನಿನ್ ಟಗರಿಗೆ ಗೊತ್ತಿತ್ತಲ್ಲ? ಕೇಳು ಓಗು."

"ಬೈಕೋ ಅಣ್ಣ, ಬೈಕೋ. ನಾಳೆಯಿಂದ ಎರಡು ಕಡೇನೂ ನಂದೇ ಅಂತೆ. ಆ ಮೋರೀಲಿ ಗಾಡಿ ಬಿದ್ರೆ ಪೇಪರ್ನಲ್ಲಿ ನನ್ ಎಸ್ರು ಬತ್ತದೆ. ಅತ್ಯಂತ ವಿಶ್ವಾಸಾರ್ಹ ಅಂತ ಪೋಟೋ ಬೇರೆ ತಗ್ದವ್ರೆ." ಆತ ಡಬ್ಬಿಯನ್ನು ಮುಂದಕ್ಕೆ ಚಾಚಿದ. "ನಂಗೆ ನಿದ್ದೆ ಬತ್ತಿಲ್ಲ ಕಣಣ್ಣ."

ಲಿಂಗಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ, ಸಡಿಲವಿದೆಯೋ ಬಿಗಿಯಿದೆಯೋ ಎಂದು ಕ್ಲಿಪ್ಪನ್ನು ನೋಡುವ ಹಾಗೆ.

"ನಿಜವಾಗ್ಲೂ ನಿದ್ದೆ ಬತ್ತಿಲ್ವಾ?"

"ನಮ್ಮವ್ವನಾಣೆ."

"ಅಂಗಾದ್ರೆ ಕಲೀತೀಯ ಬುಡು."

ಒಳಗೆ ಹೋಗಿ ಗೂಡಿನಿಂದ ತನ್ನ ಹಳೆಯ ಡಬ್ಬಿ ತಂದ, ಹೊಸದನ್ನು ಕಿತ್ತುಕೊಂಡು ಇದನ್ನು ಅವನ ಕೈಯಲ್ಲಿಟ್ಟ. "ಆ ಸುಣ್ಣ ತೆಳ್ಳಗಿರ್ತದೆ, ಒಂದೇ ಮಳೆಗೆ ಓಯ್ತದೆ. ನಡಿ."

"ಟೆಂಪೋದೋನು ಕಾಯ್ತಾವ್ನೆ ಕಣಯ್ಯ! ಮೂರು ದಿನದಿಂದ ಏಳ್ತಾ ಇವ್ನಿ, ಹೊರಡೋ ಒತ್ತಿಗೆ ಒಂದು ಕ್ಯಾತೆ ತೆಗೀತಾನೆ ಇವನು ಅಂತ!" ಚಿಕ್ಕಸಿದ್ದಮ್ಮ ಟೆಂಪೋದ ಹತ್ತಿರದಿಂದಲೇ ಕೂಗಿದಳು.

"ಮೋರಿ ತಾವ್ಲಿಂದ ಅಂಗೇ ರೋಡಿಗೆ ಬತ್ತೀನಿ. ನೀವು ಸುತ್ತಾಕೊಂಡು ಬಂದು ಅಲ್ಲೇ ಅತ್ತಿಸ್ಕೊಳ್ಳಿ."

ಲಿಂಗಣ್ಣ ಬಾಗಿಲು ಎಳೆದು ಬೀಗ ಹಾಕಿದ, ಕೀಲಿಕೈಯನ್ನು ಹೆಂಡತಿಯ ಕೈಗೆ ಕೊಟ್ಟ, ಕನಕರಾಜುವಿನ ಸುತ್ತಿಗೆಯನ್ನು ತಾನೇ ಹೆಗಲಿಗೇರಿಸಿದ. ಅಕ್ಕಪಕ್ಕದವರು ಬೇಲಿಯ ಹತ್ತಿರ ನಿಂತು ಕಾದರು. ಈಗ ಜಗ್ಗುತ್ತಾನೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆತ ಜಗ್ಗಲಿಲ್ಲ. ಮೆಟ್ಟಿಲಿಳಿದ, ಗೇಟು ದಾಟಿದ, ಕಂಬಿಯ ಪಕ್ಕಕ್ಕೆ ಇಳಿದ. ಹಿಂದೆ ಕನಕರಾಜು, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಬಲಗಡೆ ಕಂಬಿ ನೋಡ್ಲಾ, ನನ್ ಬೆನ್ನು ನೋಡ್ಬೇಡ" ಎನ್ನುವ ಮಾತು ಕೇಳಿಸಿತು.

ಚಿಕ್ಕಸಿದ್ದಮ್ಮ ಟೆಂಪೋದ ಮೆಟ್ಟಿಲಿಗೆ ಕಾಲಿಟ್ಟವಳು ನಿಂತಳು. ಹಿಂದಕ್ಕೆ ಬಂದಳು. ಬೀಗ ಹಿಡಿದು ಮೂರು ಸಲ ಜಗ್ಗಿದಳು.